ಚಾವಿ ನನ್ನ ಸೊಂಟದಲ್ಲಿತ್ತು

ನನ್ನ ಅಣ್ಣನ ಎಡಗಡೆಯ ಕೊರಳೆಲುಬು ಮುರಿದು, ತುದಿಗಳು ಒಂದರ ಮೇಲೊಂದು ಏರಿ ಹಾಗೆಯೇ ಕೂಡಿಕೊಂಡಿದ್ದವು. ಅಂಗಿ ತೆಗೆದರೆ ಚರ್ಮದ ಕೆಳಗೆ ನೆಲ್ಲಿಕಾಯಿಯಷ್ಟು ಗಂಟು. ಹಗ್ಗ ಜಗ್ಗುವಾಗ ಅದು ಮೇಲೆ ಕೆಳಗೆ ಓಡಾಡುತ್ತಿತ್ತು. ಅದನ್ನು ಮುಟ್ಟಿ ನೋಡಲು ಕೇರಿಯ ಮಕ್ಕಳು ಬರುತ್ತಿದ್ದವು. ಅಣ್ಣ ಅವರ ಬೆರಳನ್ನು ಗಂಟಿನ ಮೇಲೆ ಇಡಿಸಿ, ಹೆಗಲು ತಿರುಗಿಸಿ ಕಟಕ್ ಎಂದು ಸದ್ದು ಮಾಡುತ್ತಿದ್ದ. ಮಕ್ಕಳು ಕಿರುಚಿಕೊಂಡು ಓಡುತ್ತಿದ್ದವು.

ಆ ಎಲುಬನ್ನು ಮುರಿದದ್ದು ನಮ್ಮ ಅಪ್ಪ. ಮುರಿಸಿದ್ದು ನಾನು.

ಅಣ್ಣ ಶಾಲೆಗೆಂದು ಕೇಣಿಯಿಂದ ಹೊರಟು, ಬಸ್ಸು ಹತ್ತಿ ಕಾರವಾರಕ್ಕೆ ಹೋಗಿ, ಬೈತಖೋಲ ಬಂದರಿನಲ್ಲಿ ಟ್ರಾಲರುಗಳಿಂದ ಮೀನು ಇಳಿಸುತ್ತಿದ್ದ. ಅದು ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಅಪ್ಪ 'ಎಲ್ಲಿ ಅಂವ' ಎಂದು ಕೇಳಿದಾಗ ಹೇಳಿಬಿಟ್ಟೆ. ಹೆದರಿ ಹೇಳಿದ್ದಲ್ಲ. ಸುಳ್ಳು ಹೇಳಬಾರದು ಎಂದು ಶಾಲೆಯಲ್ಲಿ ಕಲಿಸಿದ್ದರು. ಸರಿಯಾದದ್ದನ್ನು ಮಾಡುತ್ತಿದ್ದೇನೆ ಎಂಬ ಹೆಮ್ಮೆಯಿಂದಲೇ ಹೇಳಿದೆ. ಅಣ್ಣ ಮನೆಗೆ ಬಂದ ಕೂಡಲೇ ಅಪ್ಪ ಗೋಡೆಗೆ ಒರಗಿಸಿಟ್ಟಿದ್ದ ದೋಣಿಯ ಹುಟ್ಟನ್ನು ಎತ್ತಿಕೊಂಡ. ತಲೆಗೆ ಬೀಳಬೇಕಾದ ಏಟು, ಅಣ್ಣ ವಾಲಿದ್ದರಿಂದ ಹೆಗಲಿಗೆ ಬಿತ್ತು. ಒಣ ಕಟ್ಟಿಗೆ ಮುರಿದಂತಹ ಸದ್ದು. ಎಲುಬು ಕಟ್ಟುವ ಮುದುಕ ಬಂದು ಸೊಪ್ಪು ಅರೆದು ಹಚ್ಚಿ, ಬಿದಿರ ಪಟ್ಟಿ ಇಟ್ಟು ಬಿಗಿದ. ಅಣ್ಣ ಹಲ್ಲು ಕಚ್ಚಿ ಕೂತಿದ್ದ. ಮುದುಕ ಹೋದ ಮೇಲೆ ನನ್ನನ್ನು ಹತ್ತಿರ ಕರೆದು ಹೇಳಿದ್ದು ಇಷ್ಟೇ:

"ನಿನ್ನ ಬಾಯಿ ಅಂದ್ರೆ ಚಾವಿ ಇಲ್ದ ಪೆಟ್ಗೆ ಕಣೆ ತಂಗಿ. ಯಾರು ಬೇಕಾದ್ರೂ ತೆಗೀಬಹುದು."

ನಾನು ಓದಿದ್ದು ನಾಲ್ಕನೇ ಇಯತ್ತೆ. ಅಮ್ಮ ಹೋದ ಮೇಲೆ ಮೀನಿನ ಬುಟ್ಟಿ ನನ್ನ ತಲೆಗೆ ಬಂತು. ಅಣ್ಣ ಹತ್ತನೇ ಇಯತ್ತೆಯ ಪರೀಕ್ಷೆಗೆ ಕೂರದೆ ಮುಂಬೈಗೆ ಹೋದ. ಯಾರೋ ಪರಿಚಯದವರನ್ನು ಹಿಡಿದು ಸರಕಿನ ಹಡಗಿನಲ್ಲಿ ಖಲಾಸಿಯಾದ. ಮೊದಲು ಡೆಕ್ಕು ತೊಳೆಯುವುದು, ಬಣ್ಣ ಬಳಿಯುವುದು. ಆಮೇಲೆ ಎಂಜಿನ್ ಕೋಣೆ. ಬಹಳ ವರ್ಷ ಹಾಗೆ ತಿರುಗಿದ.

ಅವನು ಊರಿಗೆ ಬಂದಾಗ ಸಾಬೂನು, ಟಾರ್ಚು ತರುತ್ತಿದ್ದ. ಅದಕ್ಕಿಂತ ಹೆಚ್ಚಾಗಿ ಒಂದು ಮಾತನ್ನು ತಂದಿದ್ದ. ಮಾತು ನಮ್ಮದೇ, ಚಾವಿ. ನಮ್ಮ ಅಡುಗೆಮನೆಯ ಮೊಳೆಗೆ ತೂಗುಹಾಕಿದ್ದ ಕಪಾಟಿನ ಚಾವಿ. ಅದನ್ನು ಅವನು ಊರೂರಲ್ಲಿ ಕಂಡಿದ್ದನಂತೆ. ಹಡಗಿನ ಅಡುಗೆಯವ ಪೋರ್ಚುಗೀಸ್, ಅವನ ಬಾಯಲ್ಲಿ ಅದು 'ಶಾವೆ'. ಗೋವೆಗೆ ಬಂದವರು ಅವರೇ ಆದ್ದರಿಂದ ನಮ್ಮ ಕೊಂಕಣಿಗೂ ಕನ್ನಡಕ್ಕೂ ಅದು ಅವರಿಂದಲೇ ದಾಟಿತು. ಸ್ಪೇನಿನವರಿಗೆ 'ಯಾವೆ'. ಇಟಲಿಯವರಿಗೆ 'ಕ್ಯಾವೆ'. ಫ್ರಾನ್ಸಿನ ಬಂದರಿನಲ್ಲಿ ಬರೀ 'ಕ್ಲೇ'. ಎಂಜಿನ್ನಿಗೆ ಎಣ್ಣೆ ಹಾಕುವ ಒಬ್ಬ ರೊಮೇನಿಯಾದವನು 'ಕೇಯೆ' ಅನ್ನುತ್ತಿದ್ದನಂತೆ.

"ಎಲ್ಲಾ ಒಂದೇ ತಾಯಿ ಮಕ್ಕಳು ತಂಗಿ," ಅನ್ನುತ್ತಿದ್ದ. "ತಾಯಿ ಹೆಸ್ರು ಕ್ಲಾವಿಸ್. ಲ್ಯಾಟಿನ್ನು. ಆ ತಾಯಿ ಯಾವಾಗ್ಲೋ ಸತ್ಲು, ಮಕ್ಳು ಒಂದೊಂದು ದೇಶದಲ್ಲಿ ಸಂಸಾರ ಹೂಡಿದ್ವು. ಒಂದು ಮಗು ನಮ್ಮ ಕೇಣಿಗೂ ಬಂದದೆ, ನೋಡು, ಮೊಳೆಗೆ ತೂಗಾಡ್ತದೆ."

"ಇಂಗ್ಲಿಷಿನವ್ರದ್ದು?" ಎಂದು ನಾನು ಕೇಳಿದ್ದೆ.

"ಅವ್ರ 'ಕೀ' ಎಲ್ಲಿಂದ ಬಂತು ಅಂತ ಅವ್ರಿಗೇ ಗೊತ್ತಿಲ್ವಂತೆ. ಅಪ್ಪ ಅಮ್ಮ ಇಲ್ದ ಕೂಸು. ಅದ್ಕೇ ಅಷ್ಟು ಸೊಕ್ಕು."

ಇದೆಲ್ಲ ಅವನಿಗೆ ಹೇಳಿದವನು ಇಟಲಿಯ ಒಬ್ಬ ಮುಖ್ಯ ಎಂಜಿನಿಯರು. ಚರ್ಚಿನ ಶಾಲೆಯಲ್ಲಿ ಓದಿದವನು. ಕ್ಲಾವಿಸ್ ಎಂಬ ಮಾತಿಗೂ ಮೊಳೆ ಎಂಬ ಅರ್ಥದ ಅವರ ಹಳೆಯ ಮಾತಿಗೂ ರಕ್ತಸಂಬಂಧ ಇದೆ, ಬಾಗಿಲಿಗೆ ಮೊದಲು ಗೂಟ ಜಡಿಯುತ್ತಿದ್ದರು, ಆಮೇಲೆ ಚಾವಿ ಬಂತು ಎಂದು ಅವನು ಹೇಳಿದ್ದನಂತೆ. ಅಣ್ಣ ರಜೆಗೆ ಬಂದಾಗ ಇದನ್ನು ನಮ್ಮ ಹಳೆಯ ಮಾಸ್ತರರಿಗೆ ಹೇಳಿದ. ಅವರು ನಕ್ಕು, ಘಟ್ಟದ ಮೇಲಿನವರು ಅನ್ನುವ 'ಕೀಲಿ'ಯೂ ಹಾಗೆಯೇ, ಕೀಲ ಅಂದರೆ ಗೂಟ ಎಂದರು. ಆ ದಿನ ಅಣ್ಣ ಮನೆಗೆ ಓಡುತ್ತ ಬಂದಿದ್ದ. ಎಲ್ಲ ಕಡೆ ಕಳ್ಳರು ಒಂದೇ ಥರ, ಅದಕ್ಕೆ ಬಾಗಿಲು ಹಾಕುವವರೂ ಒಂದೇ ಥರ ಯೋಚಿಸಿದ್ದಾರೆ ಎಂದು ಸಂಜೆಯವರೆಗೂ ಹೇಳಿದ್ದೇ ಹೇಳಿದ್ದು.

ಅವನ ಕೊರಳೆಲುಬಿನ ಚಿತ್ರ ತೆಗೆದ ಇಟಲಿಯ ಒಬ್ಬ ಡಾಕ್ಟರು ಅದನ್ನು 'ಕ್ಲಾವಿಕೋಲಾ' ಅಂದನಂತೆ. ಸಣ್ಣ ಚಾವಿ ಎಂದು ಅರ್ಥ. ಕೈ ಎತ್ತಿದರೆ ಆ ಎಲುಬು ಚಾವಿಯ ಹಾಗೆ ತಿರುಗುತ್ತದಂತೆ, ಅದಕ್ಕೆ. ಸುಮಾರು ದೇಶಗಳಲ್ಲಿ ಆ ಎಲುಬಿಗೆ ಅದೇ ಹೆಸರು. "ಅಪ್ಪ ನಂಗೆ ಹೊಡೀಲಿಲ್ಲ, ಚಾವಿ ಮುರ್ದ ಅಷ್ಟೆ," ಎಂದು ನಗುತ್ತಿದ್ದ.

ಇಷ್ಟು ಓದಿ ನನ್ನ ಅಣ್ಣ ಸಾಧು ಮನುಷ್ಯ ಎಂದು ತಿಳಿಯಬೇಡಿ. ಅವನ ಕೈ ಬಾಯಿಗಿಂತ ಮುಂದೆ ಓಡುತ್ತಿತ್ತು. "ಮೊದ್ಲು ಕೈ, ಆಮೇಲೆ ಮಾತು" ಎಂಬುದು ಅವನದೇ ಗಾದೆ. ಎಂಜಿನ್ ಕೋಣೆಗೆ ಹೋದ ಹೊಸತರಲ್ಲಿ ಎರಡನೆಯ ಎಂಜಿನಿಯರು "ಕ್ಯಾವೆ" ಎಂದು ಕೂಗಿದಾಗ ಇವನು ಬಾಗಿಲ ಚಾವಿಯ ಗೊಂಚಲು ಒಯ್ದು ಕೊಟ್ಟನಂತೆ. ಅವನಿಗೆ ಬೇಕಿದ್ದದ್ದು ಪಾನಾ. ಇಟಲಿಯವರ ಮಾತಲ್ಲಿ ಅದಕ್ಕೂ ಅದೇ ಹೆಸರು, ನಟ್ಟು ಬಿಚ್ಚುವುದೂ ತೆರೆಯುವ ಕೆಲಸವೇ ಎಂದು. ಕೆನ್ನೆಗೆ ಬಿಗಿದನಂತೆ. ಆ ಹೊತ್ತಿಗೆ ಅಣ್ಣ ಸುಮ್ಮನಿದ್ದ. ಇನ್ನೊಂದು ಹಡಗಿನಲ್ಲಿ, ಅಮ್ಮನನ್ನು ಹಿಡಿದು ಬೈದ ಮೇಲಿನವನೊಬ್ಬನ ದವಡೆಯನ್ನು ಅಂಥದೇ ಪಾನಾದಿಂದ ಮುರಿದ. ಮುಂದಿನ ಬಂದರಿನಲ್ಲೇ ಅವನನ್ನು ಇಳಿಸಿ ವಿಮಾನ ಹತ್ತಿಸಿದರು. ಮತ್ತೆ ಯಾವ ಹಡಗಿನವರೂ ಕರೆಯಲಿಲ್ಲ.

ಊರಿಗೆ ಬಂದವನು ಬೈತಖೋಲದಲ್ಲಿ ಒಂದು ಟ್ರಾಲರಿಗೆ ತಾಂಡೇಲನಾದ. ತಾಂಡೇಲ ಅಂದರೆ ಬೋಟು ನಡೆಸುವವನು. ಮದುವೆಯಾಗಲಿಲ್ಲ. ವಾರಕ್ಕೊಮ್ಮೆ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದ. ನನ್ನನ್ನು ಕಾಡಿಸುವುದು ಅವನಿಗೆ ಊಟಕ್ಕಿಂತ ಹೆಚ್ಚು. ಕಪಾಟಿನ ಚಾವಿ ಕದ್ದು ಬೆರಳಿಗೆ ಹಾಕಿ ತಿರುಗಿಸುತ್ತ, "ಶಾವೆ, ಯಾವೆ, ಕ್ಯಾವೆ, ಕ್ಲೇ. ಯಾವ ದೇಶದ ಮಾತಲ್ಲಿ ಕೇಳ್ತೆ, ಕೇಳು. ಕೊಡ್ತೆ," ಅನ್ನುತ್ತಿದ್ದ. ನಾನು ಒಂದನ್ನು ಸರಿಯಾಗಿ ಹೇಳುವವರೆಗೆ ಕೊಡುತ್ತಿರಲಿಲ್ಲ. ಕೇರಿಯವರಿಗೆಲ್ಲ ಈ ಆಟ ಬಾಯಿಪಾಠ. ಅವನನ್ನು ಕಂಡರೆ ಮಕ್ಕಳು "ಶಾವೆ ಯಾವೆ" ಎಂದು ಕೂಗುತ್ತಿದ್ದವು.

ನನ್ನ ಗಂಡನದು ಸಣ್ಣ ದೋಣಿ. ದಡದ ಹತ್ತಿರವೇ ಬಲೆ ಬಿಡುವವನು. ಚೆಂಡಿಯಾ ಕಡೆಯ ಕಡಲು ನೌಕಾನೆಲೆಗೆ ಹೋದ ಮೇಲೆ ದೊಡ್ಡ ಬೋಟುಗಳೂ ಸಣ್ಣ ದೋಣಿಗಳೂ ಉಳಿದ ನೀರಿಗೇ ಬಂದು ಮುಗಿಬಿದ್ದವು. ಟ್ರಾಲರುಗಳು ದಡದ ಹತ್ತಿರ ಬರಬಾರದು ಎಂಬ ಕಾಯಿದೆ ಇದೆ. ಸಿಗಡಿ ದಡದ ಹತ್ತಿರವೇ ಇರುತ್ತದೆ. ಹಾಗಾಗಿ ಬರುತ್ತಾರೆ. ಬಂದರೆ ನಮ್ಮ ಬಲೆಗಳು ಅವರ ಬಲೆಗೆ ಸಿಕ್ಕಿ ಹರಿದು ಹೋಗುತ್ತವೆ.

ಒಮ್ಮೆ ಹಾಗೆ ಬಲೆ ಪೂರ್ತಿ ಹರಿದಾಗ ನನ್ನ ಗಂಡ ಬೈತಖೋಲಕ್ಕೆ ಕೇಳಲು ಹೋದ. ನಾನು ಬೇಡವೆಂದೆ. ಹರಿದದ್ದು ಅಣ್ಣನ ಬೋಟಲ್ಲ, ಬೇರೆಯವರದು. ಆದರೆ ನನ್ನ ಗಂಡ ಹರಾಜಿನ ಹೊತ್ತಿಗೆ, ಎಲ್ಲರೆದುರು ನಿಂತು, "ಟ್ರಾಲರಿನವರೆಲ್ಲ ಕಳ್ಳರು, ನನ್ನ ಬಾವನೂ ಸೇರಿ" ಎಂದು ಕೂಗಿದ. ಅಣ್ಣನ ಕೈ ಮುಂದಾಯಿತು. ಒಂದೇ ಗುದ್ದಿಗೆ ನನ್ನ ಗಂಡನ ಮುಂದಿನ ಹಲ್ಲುಗಳು ಹೋದವು. ಮೀನು ತೊಳೆದ ನೀರಿನಲ್ಲಿ ಬಿದ್ದವನನ್ನು ಅಣ್ಣನೇ ಎತ್ತಿ ಕೂರಿಸಿದನಂತೆ. ಅದನ್ನು ಆಮೇಲೆ ಕೇಳಿದೆ. ಅವತ್ತು ನಾನು ಕಂಡದ್ದು, ಅಂಗಿಯ ಎದೆಯೆಲ್ಲ ರಕ್ತ ಮಾಡಿಕೊಂಡು ಟೆಂಪೋ ಇಳಿದ ಗಂಡನನ್ನು. ಬೆಳಿಗ್ಗೆಯಿಂದ ದಾರಿ ಕಾಯುತ್ತ ಕೂತಿದ್ದೆ. ಅಣ್ಣ ಬಂದು ಒಂದು ಮಾತು ಆಡುತ್ತಾನೆ ಎಂದು ಮುಂದಿನ ವಾರಗಳಲ್ಲೂ ಕಾದೆ. ಅವನು ನಮ್ಮ ಮನೆಗೆ ಬರುವುದನ್ನೇ ಬಿಟ್ಟ. ನಾಚಿಕೆಯಿಂದ ಇರಬಹುದು. ನನಗೆ ಅದು ಸೊಕ್ಕು ಎಂದೇ ಕಂಡಿತು.

ಈಗ ನಮ್ಮ ದಡದ ಒಂದು ಕಟ್ಟಳೆ ಹೇಳಬೇಕು. ನಮ್ಮ ನೀರಿಗೆ ನುಗ್ಗಿದ ಬೋಟನ್ನು ಹಿಡಿದರೆ, ಮೊದಲು ಎಂಜಿನ್ನಿನ ಚಾವಿ ಕಿತ್ತುಕೊಳ್ಳುತ್ತಾರೆ. ಅದನ್ನು ಗಂಡಸರು ಇಟ್ಟುಕೊಳ್ಳುವಂತಿಲ್ಲ. ಗಂಡಸರು ಕುಡಿಯುತ್ತಾರೆ, ಬಡಿದಾಡುತ್ತಾರೆ. ಯಾರ ಮನೆಯ ಬಲೆ ಹರಿದಿದೆಯೋ ಆ ಮನೆಯ ಹೆಂಗಸು ಅದನ್ನು ಸೆರಗಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಕು. ಹೆಂಗಸಿನ ಸೊಂಟಕ್ಕೆ ಯಾರೂ ಕೈ ಹಾಕುವುದಿಲ್ಲ. ಬೋಟಿನ ಮಾಲೀಕ ಬಂದು ಮಾತು ಮುಗಿಸಿದ ಮೇಲೆ, ಅವಳು ಸಮಾಧಾನವಾಯಿತು ಅಂದರೆ, ಅವಳೇ ಕೊಡಬೇಕು. ಅದಕ್ಕೆ ಮೊದಲೇ ಕೊಡಲು ಮನಸ್ಸಾದರೆ ಅದೂ ಅವಳದೇ ಇಷ್ಟ. ಯಾಕೆ ಎಂದು ಯಾರೂ ಕೇಳುವಂತಿಲ್ಲ. ಬೈತಖೋಲದವರಿಗೂ ಒಂದು ಕಟ್ಟಳೆ ಇದೆ. ಚಾವಿ ಕೈಗೆ ಬಾರದೆ ತಾಂಡೇಲ ತನ್ನ ಬೋಟಿನಿಂದ ಇಳಿಯುವುದಿಲ್ಲ. ಇಳಿದವನನ್ನು ಆಮೇಲೆ ಯಾವ ಮಾಲೀಕನೂ ತಾಂಡೇಲ ಎಂದು ಕರೆಯುವುದಿಲ್ಲ.

ಮಳೆ ಮುಗಿದು ಸಿಗಡಿ ಏಳುವ ದಿನಗಳು. ಬೆಳಕು ಹರಿಯುವ ಹೊತ್ತಿಗೆ ದಡದ ಹತ್ತಿರವೇ ಎಂಜಿನ್ನಿನ ಸದ್ದು ಕೇಳಿತು. ನಮ್ಮವರ ದೋಣಿಗಳು ಹೊರಟವು. ನಾನು ಮರಳಿನ ಮೇಲೆ ನಿಂತು ನೋಡಿದೆ. ಕಲ್ಲು ಹಾರಿದವು, ಬೋಟಿನ ಗಾಜು ಒಡೆಯಿತು. ನಮ್ಮ ಹುಡುಗನೊಬ್ಬ ಬೋಟಿಗೆ ಹತ್ತಲು ಕೈ ಚಾಚಿದಾಗ ಒಳಗಿನಿಂದ ಪಾನಾ ಬೀಸಿ ಬಂತು. ಅವನ ಮೊಣಕೈ ತಿರುಚಿಕೊಂಡಿತು, ಕಿರುಚುತ್ತ ನೀರಿಗೆ ಬಿದ್ದ. ಬೀಸಿದವನು ಯಾರೆಂದು ಆ ಹೆಗಲಿನ ವಾಲು ನೋಡಿಯೇ ನನಗೆ ಗೊತ್ತಾಯಿತು. ಆಮೇಲೆ ಹಿಂದಿನಿಂದ ಹತ್ತಿದವರು ಯಾರೋ ಅವನ ತಲೆಗೆ ಹುಟ್ಟಿನಿಂದ ಹೊಡೆದರು. ಅಣ್ಣ ಮೊಣಕಾಲೂರಿದ, ಮತ್ತೆ ಎದ್ದ. ಹೊಡೆದವರು ಯಾರು ಎಂದು ಅವತ್ತೂ ಯಾರೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಆ ದೋಣಿಗಳಲ್ಲಿ ನನ್ನ ಗಂಡನದೂ ಇತ್ತು. ನಾನು ಕೇಳಲಿಲ್ಲ.

ಬೋಟನ್ನು ಎಳೆದು ತಂದು ಸೊಂಟದ ಮಟ್ಟದ ನೀರಿನಲ್ಲಿ ಲಂಗರು ಹಾಕಿದರು. ಅದರಲ್ಲಿದ್ದ ಕೆಲಸದವರನ್ನು ದಡಕ್ಕೆ ಇಳಿಸಿ, ಎರಡೆರಡು ಬಾರಿಸಿ, ತೆಂಗಿನ ನೆರಳಲ್ಲಿ ಕೂರಿಸಿದರು. ಅಣ್ಣ ಇಳಿಯಲಿಲ್ಲ. ತಲೆಗೆ ಟವೆಲ್ಲು ಸುತ್ತಿಕೊಂಡು ಡೆಕ್ಕಿನ ಮೇಲೆ ಕೂತ. ಮೊಣಕೈ ಮುರಿದ ಹುಡುಗನನ್ನು ಅಂಕೋಲೆಯ ಆಸ್ಪತ್ರೆಗೆ ಒಯ್ದರು.

ಊರ ಯಜಮಾನ ಚಾವಿ ಹಿಡಿದು ನನ್ನ ಹತ್ತಿರ ಬಂದ. ಹಣ್ಣು ಮುದುಕ, ಮಾತು ಕಡಿಮೆ.

"ಇವತ್ತು ಹರ್ದದ್ದು ನಿಮ್ಮ ಬಲೆ. ಹಾಗಾಗಿ ನಿಂಗೇ ಬರ್ಬೇಕು," ಅಂದ. "ಆದ್ರೆ ಕೂತಂವ ನಿನ್ನ ಅಣ್ಣ. ಬ್ಯಾಡ ಅಂದ್ರೆ ಹೇಳು, ಬೇರೆ ಮನೆಗೆ ಕೊಡ್ತೆ."

"ಯಾಕೆ ಬ್ಯಾಡ?" ಅಂದೆ. "ಕಟ್ಟಳೆ ಎಲ್ರಿಗೂ ಒಂದೇ ಅಲ್ವಾ?"

ಹೆಂಗಸರೆಲ್ಲ ನನ್ನನ್ನು ನೋಡುತ್ತಿದ್ದರು. ಸೆರಗಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿದೆ. ಅಪ್ಪನೆದುರು ನಿಜ ಹೇಳಿದಾಗ ಇದ್ದ ಹೆಮ್ಮೆಯೇ ಅದು. ಈಗ ಹೆಸರು ಹಿಡಿದು ಹೇಳಬಲ್ಲೆ, ಆಗ ಗೊತ್ತಿರಲಿಲ್ಲ.

ಬಿಸಿಲು ಏರಿದ ಮೇಲೆ ಗಂಜಿ ಒಯ್ದೆ. ನೀರಿಗಿಳಿದು ಬೋಟಿನ ಬದಿಗೆ ನಿಂತು ಪಾತ್ರೆ ಎತ್ತಿ ಕೊಟ್ಟೆ. ಟವೆಲ್ಲಿನ ರಕ್ತ ಒಣಗಿ ಕಪ್ಪಾಗಿತ್ತು. ಮುಖ ಚೆನ್ನಾಗಿಯೇ ಇತ್ತು.

"ಬಂದ್ಯಾ? ಉಪ್ಪು ಹಾಕಿದ್ಯಾ ಇಲ್ಲಾ ವಿಷ ಹಾಕಿದ್ಯಾ?" ಅಂದ.

"ವಿಷಕ್ಕೆ ದುಡ್ಡು ಕೊಡೂರ್ಯಾರು?"

ನಕ್ಕ. ಎರಡು ಗುಟುಕು ಕುಡಿದ. "ಬಾವ ಹೇಂಗಿದ್ದ?" ಎಂದು ಕೇಳಿದ. ನಾನು ದಡದ ಕಡೆ ತಿರುಗಿದೆ. ಅವನ ನೋಟ ನನ್ನ ಸೊಂಟದ ಮೇಲೆ ಬಿತ್ತು.

"ನಿನ್ನ ಹತ್ರನೇ ಕೊಟ್ರಾ ಅದ್ನ?"

"ಹೂಂ."

"ತಲೆ ಒಡ್ದು ಹೋಗೂ ಹಾಂಗೆ ನೋಯ್ತದೆ ತಂಗಿ. ಚಾವಿ ಸಿಕ್ಕಿದ್ರೆ ಇಳ್ದು ಡಾಕ್ಟ್ರ ಹತ್ರ ಹೋಗ್ತಿದ್ದೆ."

"ನನ್ನ ಕೈಲಿ ಎಂತ ಅದೆ ಅಣ್ಣ? ಊರವ್ರು ಬಿಡೂದಿಲ್ಲ," ಅಂದೆ.

ಅದು ಸುಳ್ಳು. ಕೊಡುವುದು ಬಿಡುವುದು ನನ್ನ ಕೈಯಲ್ಲೇ ಇತ್ತು. ನಮ್ಮ ದಡದ ಕಟ್ಟಳೆ ಅವನಿಗೆ ಪೂರ್ತಿ ಗೊತ್ತಿರಲಿಲ್ಲ. ಹುಡುಗನಾಗಿದ್ದಾಗಲೇ ಊರು ಬಿಟ್ಟವನು. ನಂಬಿದ.

"ಹೌದು ಬಿಡು. ಊರವ್ರ ಮಾತು ಮೀರಿ ನಡೀಬ್ಯಾಡ, ನಿಂಗೆ ಅಲ್ಲೇ ಬಾಳೂದದೆ," ಅಂದ. ಅಷ್ಟರಲ್ಲಿ ಬದಿಗೆ ಬಗ್ಗಿ ಕುಡಿದ ಗಂಜಿಯನ್ನೆಲ್ಲ ವಾಂತಿ ಮಾಡಿದ. ನಾನು ಪಾತ್ರೆ ತೊಳೆದುಕೊಂಡು ದಡಕ್ಕೆ ಬಂದೆ.

ಯಜಮಾನ ನೋಡುತ್ತ ನಿಂತಿದ್ದ. ನನ್ನನ್ನು ಬದಿಗೆ ಕರೆದ.

"ವಾಂತಿ ಮಾಡ್ದ ಅಲ್ವಾ? ತಲೆ ಏಟು ಹಾಂಗೆ ಬಿಡೂಕಾಗ. ಮಾಲೀಕ ಬರೂದು ಸಂಜೆ. ನಿನ್ನ ಅಣ್ಣ ಚಾವಿ ಇಲ್ದೆ ಇಳಿಯಂವ ಅಲ್ಲ, ಹೊತ್ತು ತರೂಕೆ ಹೋದ್ರೆ ಇನ್ನೊಬ್ಬನ ಕೈ ಮುರೀತ. ನೀ ಈಗ್ಲೇ ಕೊಟ್ರೂ ಯಾರೂ ಒಂದು ಮಾತು ಅನ್ನೂದಿಲ್ಲ. ನಾ ಹೇಳ್ತೆ."

"ಸಂಜೆ ತನ್ಕ ಕೂತ್ಕಳ್ಲಿ," ಅಂದೆ. "ನನ್ನ ಗಂಡನ ಹಲ್ಲು ಹೋದ ದಿನ ನಾನೂ ಬೆಳಿಗ್ಗಿಂದ ಸಂಜೆ ತನ್ಕ ಕೂತಿದ್ದೆ."

ಯಜಮಾನ ನನ್ನ ಮುಖ ನೋಡಿದ. "ನಿಂಗೆ ಬಿಟ್ಟದ್ದು," ಎಂದು ಹೋದ.

ನೀರು ಇಳಿಯಿತು. ಬೋಟು ಕೆಸರಿನಲ್ಲಿ ಒಂದು ಬದಿಗೆ ವಾಲಿ ಕೂತಿತು. ಅದರ ಜೊತೆ ಅಣ್ಣನೂ ವಾಲಿ ಕೂತಿದ್ದ. ಹುಡುಗರು ಸುತ್ತ ನೆರೆದಿದ್ದರು. ಆಗ ಅವನು ಏನೋ ಹೇಳತೊಡಗಿದ. ಮೊದಲು ನಿಧಾನ, ಆಮೇಲೆ ಜೋರು.

"ಶಾವೆ... ಶಾವೆ. ಯಾವೆ. ಕ್ಯಾವೆ. ತಂಗಿ, ಕ್ಲೇ. ಕ್ಲೇ."

ಹುಡುಗರು ನಗತೊಡಗಿದರು. ಹಳೆಯ ಆಟ ಅಲ್ಲವೇ. ಅವರೂ ಜೊತೆಗೆ ಕೂಗಿದರು. ಒಬ್ಬ ಮೊಬೈಲು ಎತ್ತಿ ವಿಡಿಯೋ ಮಾಡಿದ. "ಪೆಟ್ಟು ತಿಂದ್ರೂ ಗತ್ತು ಇಳೀಲಿಲ್ಲ ನೋಡು," ಎಂದು ನನ್ನ ಪಕ್ಕದವಳು ಅಂದಳು. ನನಗೂ ಹಾಗೇ ಅನ್ನಿಸಿತು. ಇಡೀ ಊರಿನೆದುರು ನನ್ನನ್ನು ಕಾಡಿಸುತ್ತಿದ್ದಾನೆ, ಬಾವನ ಹಲ್ಲು ಕಿತ್ತವನು ತಪ್ಪಾಯಿತು ಅನ್ನುವ ಬದಲು ತಮಾಷೆ ಮಾಡುತ್ತಿದ್ದಾನೆ ಎಂದು ಮೈ ಉರಿಯಿತು. ಸೆರಗನ್ನು ಇನ್ನೂ ಒಂದು ಸುತ್ತು ಬಿಗಿದುಕೊಂಡು, "ಎಲ್ಲಾ ದೇಶದ ಮಾತಲ್ಲಿ ಕೇಳು, ಕೊಡೂದಿಲ್ಲ," ಎಂದು ದಡದಿಂದಲೇ ಕೂಗಿದೆ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಮೇಲೆ ಡಾಕ್ಟರು ಹೇಳಿದರು: ಒಳಗೆ ರಕ್ತ ಸೋರುತ್ತ ಮಿದುಳನ್ನು ಅಮುಕುತ್ತಿತ್ತು, ಮೊದಲು ಚೆನ್ನಾಗಿಯೇ ಮಾತಾಡುತ್ತಾರೆ, ಆಮೇಲೆ ಮಾತು ಕಲಸಿಹೋಗುತ್ತದೆ, ಆಗಲೇ ತಂದಿದ್ದರೂ ಸರಿಮಾಡಬಹುದಿತ್ತು ಎಂದು. ಅವನು ಕಾಡಿಸುತ್ತಿರಲಿಲ್ಲ. ಚಾವಿ ಎಂದು ಹೇಳಲು ಹುಡುಕುತ್ತಿದ್ದ. ನಮ್ಮ ಮಾತು ಸಿಗದೆ, ಸಿಕ್ಕಿದ ದೇಶದ ಮಾತಿನಲ್ಲೆಲ್ಲ ನನ್ನನ್ನು ಬೇಡುತ್ತಿದ್ದ.

ಅವನು ಮುಂದಕ್ಕೆ ಬಿದ್ದ ಮೇಲೆಯೇ ನನ್ನ ಕಾಲು ಓಡಿತು. ಕೆಸರಿನಲ್ಲಿ ಬಿದ್ದೆದ್ದು ಬೋಟಿಗೆ ಹತ್ತಿ, ಗಂಟು ಹಲ್ಲಿನಿಂದ ಬಿಚ್ಚಿ, ಚಾವಿಯನ್ನು ಅವನ ಮುಷ್ಟಿಯೊಳಗೆ ತುರುಕಿದೆ. ಬೆರಳು ಮುಚ್ಚಿಕೊಳ್ಳಲಿಲ್ಲ. ಚಾವಿ ಜಾರಿ ಡೆಕ್ಕಿನ ಮೇಲೆ ಬಿತ್ತು. ಮೊದಲು ಓಡಿ ಬಂದು ಅವನನ್ನು ಹೆಗಲಿಗೆ ಹಾಕಿಕೊಂಡವನು ನನ್ನ ಗಂಡ.

ಅಂಕೋಲೆಯಿಂದ ಕಾರವಾರ, ಅಲ್ಲಿಂದ ಗೋವೆಯ ದೊಡ್ಡ ಆಸ್ಪತ್ರೆ. ತಲೆ ತೆರೆದು ರಕ್ತ ತೆಗೆದರು. ಜೀವ ಉಳಿಯಿತು. ಬಲಗೈ ಬಲಗಾಲು ಹೋದವು. ಮಾತು ಪೂರ್ತಿ ಹೋಯಿತು. ಪೊಲೀಸರು ಬಂದು ಕೇಳಿದರು. ಅವನು ಇಳಿಯಲು ಒಪ್ಪಲಿಲ್ಲ ಎಂದು ಊರಿಗೆ ಊರೇ ಹೇಳಿತು. ನಾನೂ ಅದನ್ನೇ ಹೇಳಿದೆ. ಅದು ಸುಳ್ಳೂ ಅಲ್ಲ. ಯಜಮಾನ ನೆಲ ನೋಡುತ್ತ ನಿಂತಿದ್ದ. ಎರಡೂ ಕಡೆಯವರು ಸೇರಿ ರಾಜಿ ಮಾಡಿಕೊಂಡರು.

ಅಣ್ಣನನ್ನು ನಮ್ಮ ಮನೆಗೆ ತಂದೆವು. ಮಾತು ಇಲ್ಲದಿದ್ದರೂ ಸಿಟ್ಟು ಎಡಗೈಯಲ್ಲಿ ಉಳಿದಿತ್ತು. ನೋಡಲು ಬಂದವರು ಅಯ್ಯೋ ಎಂದು ಲೊಚಗುಟ್ಟಿದರೆ ಕೈಗೆ ಸಿಕ್ಕಿದ ಲೋಟ ಎಸೆಯುತ್ತಿದ್ದ. ಮೊಬೈಲು ಹಿಡಿದು ಬಂದ ಹುಡುಗನ ಕಾಲರು ಹಿಡಿದು ಗೋಡೆಗೆ ಅಪ್ಪಳಿಸಿದ. ಆ ವಿಡಿಯೋ ಊರಿನ ಕೆಲವರ ಹತ್ತಿರ ಈಗಲೂ ಇದೆ. ನನ್ನ ಗಂಡ ಅವನ ಗಡ್ಡ ಹೆರೆಯುತ್ತಿದ್ದ, ಸ್ನಾನ ಮಾಡಿಸುತ್ತಿದ್ದ. ಹಲ್ಲಿಲ್ಲದ ಬಾಯಿಂದ ಕಡಲಿನ ಸುದ್ದಿ ಹೇಳುತ್ತಿದ್ದ. "ಬಾವ, ಇವತ್ತು ಬಾಂಗಡೆ ನಿನ್ನ ಹಾಂಗೆ, ಎಷ್ಟು ಕರ್ದ್ರೂ ಬತ್ತೇ ಇಲ್ಲ," ಅಂದರೆ ಅಣ್ಣನ ಅರ್ಧ ಮುಖ ನಗುತ್ತಿತ್ತು. ಆದರೆ ಊಟ ಮಾತ್ರ ನನ್ನ ಕೈಯಿಂದಲೇ. ಗಂಡ ಕೊಟ್ಟರೆ ಬಾಯಿ ತೆರೆಯುತ್ತಿರಲಿಲ್ಲ. ನಾನು ಚಮಚ ಎತ್ತಿದರೆ ಮಗುವಿನ ಹಾಗೆ ತೆರೆಯುತ್ತಿದ್ದ. ಅವನ ಕಣ್ಣಲ್ಲಿ ನಾನು ಊರಿನ ಕಟ್ಟಳೆಗೆ ಸಿಕ್ಕಿ ಏನೂ ಮಾಡಲಾರದೆ ಹೋದ ತಂಗಿ.

ಕೇರಿಯವರು, ಬೈತಖೋಲದವರು ನನ್ನನ್ನು ಹೊಗಳುತ್ತಿದ್ದರು. ಹೆಂಡತಿಯಾದರೂ ಇಷ್ಟು ಮಾಡುತ್ತಿರಲಿಲ್ಲ ಅನ್ನುತ್ತಿದ್ದರು. ಹೊಗಳಿಕೆ ಕೇಳಿದ ರಾತ್ರಿ ನನಗೆ ಅನ್ನ ಇಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಗಂಜಿಯ ಪಾತ್ರೆ ಕೆಳಗಿಟ್ಟು ಅವನ ಎದುರು ಕೂತೆ. "ಅಣ್ಣ, ಅವತ್ತು ಊರವ್ರು ತಡೀಲಿಲ್ಲ," ಅಂದೆ. "ಯಜಮಾನ ಕೊಡು ಅಂದಿದ್ದ. ನಾನೇ ಕೊಡ್ಲಿಲ್ಲ. ಸಂಜೆ ತನ್ಕ ಕೂತ್ಕಳ್ಲಿ ಅಂದೆ. ನೀ ಕೇಳ್ದಾಗ ನಕ್ಕೆ."

ಅವನು ಎಲ್ಲವನ್ನೂ ಕೇಳಿಸಿಕೊಂಡ. ಮಾತು ಹೋಗಿತ್ತು, ಅರ್ಥವಾಗುವುದು ಹೋಗಿರಲಿಲ್ಲ. ಕಣ್ಣು ನನ್ನ ಮೇಲೇ ನೆಟ್ಟಿತ್ತು. ಆಮೇಲೆ ಎಡಗೈ ಎದ್ದಿತು. ಹಡಗಿನ ಹಗ್ಗ ಎಳೆದ ಕೈ. ನನ್ನ ತಲೆ ಬಾಗಿಲ ಚೌಕಟ್ಟಿಗೆ ಬಡಿಯಿತು, ತುಟಿ ಹರಿದು ಬಾಯಿ ತುಂಬ ರಕ್ತ. ಅಪ್ಪ 'ಎಲ್ಲಿ ಅಂವ' ಎಂದು ಕೇಳಿದ ದಿನದಿಂದ ಹಿಡಿದು, ನನ್ನ ಅಣ್ಣ ನನ್ನ ಮೇಲೆ ಕೈ ಎತ್ತಿದ್ದು ಅದೊಂದೇ ಸಲ. ಇನ್ನೊಂದು ಏಟಿಗೆ ಕಾದೆ. ಅದು ಬರಲಿಲ್ಲ. ಅವನು ಗೋಡೆಯ ಕಡೆ ಹೊರಳಿ ಮಲಗಿದ. ಮುರಿದ ಎದೆಯಿಂದ ಬರುವಂತಹ ಒಂದು ಸದ್ದು ಬಹಳ ಹೊತ್ತು ಬರುತ್ತಿತ್ತು.

ಸಂಜೆ ಗಂಡ ಬಂದು ನನ್ನ ತುಟಿ ನೋಡಿದ. ಕೇಳಿದ. ಎಲ್ಲವನ್ನೂ ಹೇಳಿದೆ. ಅವನು ಎದ್ದು ಹೋಗಿ ಆರಿದ್ದ ಗಂಜಿಯನ್ನು ಬಿಸಿ ಮಾಡಿಕೊಂಡು ಬಂದು ಅಣ್ಣನ ಪಕ್ಕ ಕೂತ. ಅಣ್ಣ ಅವನ ಕೈಯಿಂದ ಕುಡಿದ.

ಆಮೇಲೆ ಅಣ್ಣ ನನ್ನ ಕೈಯಿಂದ ಒಂದು ತುತ್ತನ್ನೂ ತಿನ್ನಲಿಲ್ಲ. ನಾನು ಕೋಣೆಗೆ ಹೋದರೆ ಗೋಡೆಯ ಕಡೆ ತಿರುಗುತ್ತಿದ್ದ. ಮುಂದಿನ ಮಳೆಗಾಲದ ಕೊನೆಗೆ ಜ್ವರ ಬಂದು ಹೋದ. ಬೈತಖೋಲದ ತಾಂಡೇಲರು ಹೆಣ ಹೊತ್ತರು. ಯಾರೋ ನನ್ನ ತಲೆ ಸವರಿ, ಕೊನೆಯ ತನಕ ತಂಗಿಯ ಕೈಯಿಂದ ಉಂಡು ಹೋದ, ಪುಣ್ಯವಂತ ಅಂದರು. ನನ್ನ ಗಂಡ ಅಲ್ಲೇ ಇದ್ದ. ಅವನು ನನ್ನ ಕಡೆ ನೋಡಲಿಲ್ಲ, ಅವರನ್ನು ತಿದ್ದಲೂ ಇಲ್ಲ.

ಆ ಕೊನೆಯ ತಿಂಗಳುಗಳಲ್ಲಿ ಅಕ್ಕಿ ತೊಳೆದು ಗಂಜಿ ಬೇಯಿಸುತ್ತಿದ್ದದ್ದು ನಾನೇ. ಅಣ್ಣನಿಗೆ ಅದು ಗೊತ್ತಿತ್ತು. ಗಂಡ ಪಾತ್ರೆ ಒಳಗೆ ಒಯ್ದ ಮೇಲೆ ನಾನು ಬಾಗಿಲ ಹೊರಗೆ, ಅವನಿಗೆ ಕಾಣದ ಹಾಗೆ ಗೋಡೆಗೆ ಒರಗಿ ನಿಲ್ಲುತ್ತಿದ್ದೆ. ಮೊದಲ ಗುಟುಕು ಒಂದು ಕ್ಷಣ ಅವನ ಬಾಯಲ್ಲೇ ನಿಲ್ಲುತ್ತಿತ್ತು. ಆಮೇಲೆ ನುಂಗುವ ಸದ್ದು ಕೇಳುತ್ತಿತ್ತು.